ಏನೂ ಗೊತ್ತಿಲ್ಲದ ಹುಡುಗಿ

ಕೊಟ್ಟೂರಿನವರು ನನ್ನನ್ನು ನೋಡಲು ಬರುತ್ತಾರೆಂಬ ಸುದ್ದಿ ಮುಟ್ಟಿದ ಮರುದಿನವೇ ಉಚ್ಚಂಗಿದುರ್ಗದಿಂದ ದೊಡ್ಡಜ್ಜಿ ಬಸ್ಸು ಹತ್ತಿ ಹರಪನಹಳ್ಳಿಗೆ ಬಂದಿಳಿದಳು. ನಮ್ಮಜ್ಜಿಯ ಅಕ್ಕ, ಎಂಬತ್ತು ದಾಟಿದವಳು. ಗಂಡನ್ನು ಒಲಿಸಿಕೊಳ್ಳುವ ವಿದ್ಯೆಯಲ್ಲಿ ನಮ್ಮ ವಂಶಕ್ಕೆಲ್ಲ ಆಕೆಯೇ ಪಂಡಿತೆ. ಹದಿನೈದನೇ ವಯಸ್ಸಿಗೆ, ಮೊದಲನೇ ಸಲ ನೋಡಿದವನೇ ಆಕೆಯನ್ನು ಒಪ್ಪಿ ಕರೆದುಕೊಂಡು ಹೋಗಿದ್ದ. ಇದಕ್ಕಿಂತ ದೊಡ್ಡ ಅರ್ಹತೆ ಇನ್ನೇನು ಬೇಕು?

ನನಗಾಗ ಇಪ್ಪತ್ತೇಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಐದು ವರ್ಷದಿಂದ ಕೂತಿದ್ದೆ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ಹಳೆ ತಂತಿ ಕಿತ್ತು ಹೊಸದು ಸುತ್ತುವುದು ನನ್ನ ಕೆಲಸ. ದೊಡ್ಡಜ್ಜಿ ಚೀಲ ಇಳಿಸುವ ಮೊದಲೇ ನನ್ನ ಕೈ ಹಿಡಿದು ನೋಡಿದಳು.

"ಇವೇನ್ ಹೆಣ್ಣಿನ ಬೆರಳೋ, ಗರಗಸನೋ? ಕೆನಿ ಹಚ್ಚು. ಮತ್ತ ಮೋಟರಿನ ಮಾತು ನಿನ್ನ ಬಾಯಾಗ ಬರಬಾರ್ದು."

ಎರಡು ದಿನ ಪಾಠ ನಡೆಯಿತು. ಗಂಡು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರೆ ಅವನಿಗೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೂರರಲ್ಲಿ ಎರಡಕ್ಕೆ "ಗೊತ್ತಿಲ್ರಿ" ಅನ್ನಬೇಕು. ನಗು ಬಂದರೆ ನೆಲ ನೋಡಬೇಕು. ಅವನು ತಪ್ಪು ಹೇಳಿದರೆ "ಹೌದಾ?" ಎಂದು ಕಣ್ಣರಳಿಸಬೇಕು. ತಿದ್ದಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಗಂಡಸಿನ ಆಯುಷ್ಯ ಅಷ್ಟು ಸಣ್ಣ ದಾರದಲ್ಲಿ ನೇತಾಡುತ್ತದೆಂದು ನನ್ನ ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವನಿಗೆ ನನ್ನ ವಯಸ್ಸಿನದೇ ಚಿಂತೆ. "ಒಂದ್ಸಲ ಕೇಳಿ ನೋಡವ್ವಾ, ಹಿರೇರು ಸುಮ್ನ ಹೇಳ್ತಾರೇನು?" ಅಂದಳು. ಅಪ್ಪ ಅಂಗಡಿಗೆ ಹೋಗಿಬಿಟ್ಟ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಅಂಗಡಿ ಇರುವುದು ಎಂಥ ಪುಣ್ಯ.

ಭಾನುವಾರ ಅವರು ಬಂದರು. ಹುಡುಗ, ಅವನ ತಾಯಿ, ತಂದೆ. ಕೊಟ್ಟೂರಿನಲ್ಲಿ ಅವರದು ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ನಾನು ಮಂಡಕ್ಕಿ, ಮಿರ್ಚಿ ತಂದಿಟ್ಟು ನೆಲ ನೋಡುತ್ತ ಕೂತೆ.

"ಅಪ್ಪಾರಿಗೆ ಅಂಗಡ್ಯಾಗ ಸಹಾಯ ಮಾಡ್ತೀಯಂತ?" ಹುಡುಗನ ತಾಯಿ ಕೇಳಿದಳು.

ದೊಡ್ಡಜ್ಜಿ ಕೆಮ್ಮಿದಳು. "ಗೊತ್ತಿಲ್ರಿ" ಅಂದೆ.

"ಅಲ್ಲವಾ, ಐದು ಎಚ್‌ಪಿ ಮೋಟರಿಗೆ ಎಷ್ಟು ತಂತಿ ಹಿಡೀತೈತಿ?" ಹುಡುಗನ ತಂದೆ ಕೇಳಿದರು.

ಗ್ರಾಂ ಲೆಕ್ಕದಲ್ಲಿ ಉತ್ತರ ನಾಲಿಗೆಯ ತುದಿಗೆ ಬಂತು. ನುಂಗಿ, "ಗೊತ್ತಿಲ್ರಿ" ಅಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನನ್ನ ನಾಚಿಕೆಗೆ ಮೆಚ್ಚಿದರೆಂದು ನಾವೆಲ್ಲ ತಿಳಿದೆವು.

ಅಷ್ಟರಲ್ಲಿ ಒಳಗೆ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ನಿಂತಿತು. ಭಾರ ಹೆಚ್ಚಾದರೆ ಅದು ನಿಲ್ಲುವುದೇ. ಬುಡದಲ್ಲಿ ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಮುಗಿಯಿತು. ನಾನು ಎದ್ದೆ. ದೊಡ್ಡಜ್ಜಿ ನನ್ನ ಸೆರಗು ಹಿಡಿದು ಕೂರಿಸಿದಳು. "ಅಳಿಯದೇವ್ರು ನೋಡ್ತಾರ ಬಿಡು" ಅಂದಳು. ಅಳಿಯನಾಗುವ ಮೊದಲೇ ಬಡ್ತಿ ಸಿಕ್ಕ ಪಾಪದ ಹುಡುಗ ಬೆವರುತ್ತ ಎದ್ದ. ಸ್ಕ್ರೂಡ್ರೈವರ್ ಕೇಳಿದ. ಮಿಕ್ಸಿ ಬಿಚ್ಚಿದ. ನಾನು ಪಕ್ಕದಲ್ಲಿ ಮೊಬೈಲಿನ ಬೆಳಕು ಹಿಡಿದು ಕಣ್ಣರಳಿಸುತ್ತ ನಿಂತೆ. ಮುಕ್ಕಾಲು ಗಂಟೆಯಾದ ಮೇಲೆ ಅವನು, "ಇದು ಹೋಗೇತಿ. ಹೊಸಾದು ತಗೊಳ್ರಿ" ಎಂದು ಕೈ ಒರೆಸಿಕೊಂಡ. ಜೋಡಿಸಿದ ಮೇಲೂ ಮೂರು ಸ್ಕ್ರೂ ಮಿಕ್ಕಿದ್ದವು. "ಹೌದಾ?" ಅಂದೆ. ದೊಡ್ಡಜ್ಜಿಯ ಮುಖ ಬೆಳಗಿತು.

ಮೂರನೇ ದಿನ ಹುಡುಗನ ತಾಯಿಯ ಫೋನು ಬಂತು. ಅವ್ವ ಸ್ಪೀಕರ್ ಹಾಕಿದಳು.

"ಬಂಗಾರದಂಥ ಹುಡುಗಿ ಐತ್ರಿ. ಆದ್ರ ವೈಂಡಿಂಗ್ ಬರ್ತೈತಿ, ಅಂಗಡಿ ನಡಸ್ತಾಳ ಅಂತ ಕೇಳಿ ಬಂದಿದ್ವಿ. ನಮ್ಮ ಹುಡುಗನ ಕೈ ನೀವೂ ನೋಡೀರಲ್ಲ. ಸ್ವಲ್ಪ ತಿಳುವಳಿಕಿ ಇರೋ ಹುಡುಗಿ ಬೇಕಾಗಿತ್ರಿ."

ದಡ್ಡಿ ಎಂಬ ಕಾರಣಕ್ಕೆ ನಾನು ಬೇಡವಾದೆ. ಅಷ್ಟು ಚೆನ್ನಾಗಿ ಪಾಠ ಕಲಿತಿದ್ದೆ.

"ಅಜ್ಜಿ, ನಿನ್ನ ವಿದ್ಯಾ ಯಾರಿಗೆ ಉಪಯೋಗ ಆಗೇತಿ ಹೇಳು ಇವತ್ತು" ಎಂದು ರೇಗಿದೆ. ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ.

"ನಾನು ತವರು ನೀಲಗುಂದದಾಗ ನಾಕನೇತ್ತೆ ಓದೀನಿ" ಅಂದಳು.

ನಾವು ಯಾರೂ ಕೇಳರಿಯದ ಮಾತು. ಮದುವೆಗೆ ಮುಂಚೆ ಹಿರಿಯರು ಹೇಳಿದ್ದರಂತೆ: ಹುಡುಗ ಎರಡನೇ ತರಗತಿಗೇ ಶಾಲೆ ಬಿಟ್ಟವನು, ಓದಲು ಬರುತ್ತದೆಂದು ಬಾಯಿ ಬಿಡಬೇಡ. ಆಕೆ ಬಿಡಲಿಲ್ಲ. ತವರಿನ ಕಾಗದ ಬಂದರೆ ಗಂಡನೇ ತಡವರಿಸುತ್ತ ಓದಿ ಹೇಳುತ್ತಿದ್ದ. ಒಂದು ಸಲ ಸುಗ್ಗಿಯ ಕಾಲ, ಹೊಲದ ಕೆಲಸಕ್ಕೆ ಕೈ ಸಾಲದ ಹೊತ್ತು. ಅವನು ಕಾಗದ ನೋಡಿ, "ಎಲ್ಲಾರೂ ಆರಾಮಂತ" ಎಂದು ಮಡಚಿದ. ನೀರಿನ ತಂಬಿಗೆ ಹಿಡಿದು ಹಿಂದೆ ನಿಂತಿದ್ದ ಈಕೆ ಅಷ್ಟರಲ್ಲಿ ಓದಿ ಮುಗಿಸಿದ್ದಳು. ಅವ್ವನಿಗೆ ಬಹಳ ಜಡ್ಡಾಗಿದೆ, ಬೇಗ ಕಳಿಸಿ ಎಂದಿತ್ತು.

"ಹೆಂಗ ಹೇಳ್ಲಿ? ನನಗ ಓದಾಕ ಬರಂಗಿಲ್ಲಲ್ಲ."

ಕನಸಿನಲ್ಲಿ ಅವ್ವ ಬಂದು ಅತ್ತಳೆಂದು ಎರಡು ದಿನ ಊಟ ಬಿಟ್ಟು ಅತ್ತಳಂತೆ. ಅವನು ಹೆದರಿ ಕಳಿಸಿದ. ಈಕೆ ಹೋಗಿ ಮುಟ್ಟಿದ ಮೇಲೆ ಅವ್ವ ಇನ್ನೂ ಒಂದು ದಿನ ಬದುಕಿದ್ದಳು. ಅಂದಿನಿಂದ ಆಕೆಯ ಕನಸು ಸುಳ್ಳಾಗುವುದಿಲ್ಲವೆಂದು ಊರೇ ನಂಬಿತು. ಕಳೆದ ಎಮ್ಮೆಯ ಬಗ್ಗೆಯೂ ಬಂದು ಕೇಳುತ್ತಿದ್ದರಂತೆ.

"ಮತ್ತ ನನಗ್ಯಾಕ ಅದನ್ನ ಹೇಳಿಕೊಟ್ಟಿ?"

"ನನಗ ಕಲಿಸಿದ್ದು ಅದೊಂದೇ ಐತಿ" ಅಂದಳು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸತೊಡಗಿದೆ.

ಮರುವರ್ಷ ಹಗರಿಬೊಮ್ಮನಹಳ್ಳಿಯ ಒಬ್ಬ ಶಾಲೆ ಮೇಷ್ಟ್ರು ಬಂದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೇಳದ ಎರಡಕ್ಕೂ ಹೇಳಿದೆ. ಅವರು ನೆಲ ನೋಡಲಿಲ್ಲ, ಓಡಿಯೂ ಹೋಗಲಿಲ್ಲ. ಮದುವೆಯಾಯಿತು. ವಾರಕ್ಕೊಮ್ಮೆ ಜಗಳವಾಡುತ್ತೇವೆ. ಅವರ ತಪ್ಪುಗಳನ್ನು ನಾನು ತಿದ್ದುತ್ತಲೇ ಇದ್ದೇನೆ. ಆಯುಷ್ಯಕ್ಕೆ ಇಲ್ಲಿಯವರೆಗೆ ಏನೂ ಆಗಿಲ್ಲ.

ಮದುವೆ ನೋಂದಣಿಗೆ ಸಾಕ್ಷಿಯಾಗಿ ದೊಡ್ಡಜ್ಜಿಯೇ ಬರಬೇಕೆಂದು ಹಟ ಹಿಡಿದಿದ್ದೆ. ಆಕೆಯ ಮಗನೇ ಕರೆತಂದ. ಕಚೇರಿಯ ಗುಮಾಸ್ತ ಆಕೆಯ ಸೀರೆ, ವಯಸ್ಸು ನೋಡಿ ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ಮುಂದೆ ತಳ್ಳಿದ. ಆಕೆ ಅದನ್ನು ಬದಿಗೆ ಸರಿಸಿ, "ಪೆನ್ ಕೊಡ್ರಿ" ಅಂದಳು. ಒಂದೊಂದೇ ಅಕ್ಷರ ಕೊರೆದು ಹೆಸರು ಬರೆದಳು. ಒಂದು ಒತ್ತಕ್ಷರ ಬಿಟ್ಟುಹೋಯಿತು. ನಮ್ಮ ಹಿಂದೆ ಇನ್ನೂ ಆರು ಜನ ಕಾಯುತ್ತಿದ್ದರು. ಅರವತ್ತರ ಮಗ ಬಾಯಿ ತೆರೆದು ನಿಂತಿದ್ದ. ಆಕೆ ಅವನತ್ತ ನೋಡದೆ ಹಾಳೆ ತಿರುವಿ, ಇನ್ನೆಲ್ಲಿ ಬರೆಯಬೇಕೆಂದು ಕೇಳಿದಳು.