ಅಟ್ಟ ತಪ್ಪಿಸಿಕೊಂಡ ಒಲೆ

ನಗುವುದಾದರೆ ನಗಿರಿ, ಅಂಗೈಯಗಲದ ಒಲೆಯೊಂದು ಪಾರ್ಸಲ್ಲಿನಲ್ಲಿ ಬಂದ ದಿನ ನಾನು ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿದೇಬಿಟ್ಟೆ. ಮಡಚಿದರೆ ಚೀಲದ ಮೂಲೆಯಲ್ಲಿ ಕೂರುತ್ತದೆ, ಬಿಚ್ಚಿದರೆ ನಾಲ್ಕು ಕಟ್ಟಿಗೆ ಚೂರಿನಲ್ಲಿ ಚಹಾ ಕುದಿಸುತ್ತದೆ! ಹೆಂಡತಿ ಗಿರಿಜೆ ಕುಣಿಯಲಿಲ್ಲ. ನಾನು ಹಿಂದೆ ತರಿಸಿದ ಮಡಚುವ ಕುರ್ಚಿ, ರಸ ಹಿಂಡುವ ಯಂತ್ರ ಎಲ್ಲವೂ ಈಗ ಅಟ್ಟದ ಮೇಲಿವೆ. ತನ್ನ ತವರು ಡಂಬಳದ ಹೊಲದಲ್ಲಿ ಚಹಾ ಮಾಡಿ ತೋರಿಸಬೇಕು, ಆಗದಿದ್ದರೆ ಇದೂ ಅಟ್ಟಕ್ಕೆ ಎಂದು ತೀರ್ಪು ಕೊಟ್ಟಳು.

ಬಯಲಲ್ಲಿ ಬೆಂಕಿ ಹಿಡಿಸಲು ಪೈನ್ ಮರದ ಅಂಟೇ ಸೈ ಎಂದು ಎಲ್ಲೋ ಓದಿದ್ದೆ. ಪೈನ್ ಮರ ನಮ್ಮ ಎರೆಹೊಲದ ಮುಖ ಕಂಡಿಲ್ಲ. ಅದರ ಅಂಟು ಮಾತ್ರ ರಾಳವೆಂಬ ಹೆಸರು ಹೊತ್ತು ಲಕ್ಷ್ಮೇಶ್ವರದ ಗ್ರಂಥಿಗೆ ಅಂಗಡಿಯಲ್ಲಿ ಆರಾಮಾಗಿ ಕೂತಿದೆ; ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಪರ್ವತದ ಮರದ ಕಣ್ಣೀರು ಇಲ್ಲಿ ಪಿಟೀಲಿನ ಕಮಾನಿಗೆ ಹಿಡಿತ ಕೊಡುತ್ತದೆ, ದೇವರ ಮುಂದೆ ಧೂಪವಾಗುತ್ತದೆ. ಈ ಕೊನೆಯ ಮಾತನ್ನು ನಾನು ತುಸು ಯೋಚಿಸಬೇಕಿತ್ತು.

ಹೊಲದಲ್ಲಿ ಗಾಳಿಯೋ ಗಾಳಿ. ಗೀರಿದ ಕಡ್ಡಿಗಳೆಲ್ಲ ಆರಿದವು. ಗುಡಿಯ ಪೂಜೆ ಮಾಡುತ್ತಲೇ ಮುದುಕರಾದ ಮಾವ ಬದುವಿನ ಮೇಲೆ ಕೂತು, “ಬಯಲಾಗ ಒಲಿ ಹಚ್ಚಾಕ ಗಾಳಿ ಅಪ್ಪಣಿ ಕೊಡಬೇಕ್ರಿ ಅಳಿಯಾರ” ಎಂದರು. ಗಿರಿಜೆ ನಕ್ಕಳು. ನನಗೆ ರೇಗಿತು. ಚಿಟಿಕೆ ಸಾಕಿದ್ದಲ್ಲಿ ಮುಷ್ಟಿ ರಾಳ ಸುರಿದು ಕಡ್ಡಿ ಗೀರಿದೆ. ಭಗ್ಗೆಂದು ಹತ್ತಿತು! ಆಹಾ, ಆ ಉರಿ ನೋಡಬೇಕಿತ್ತು ನೀವು! ಜೊತೆಗೆ ಬಿಳಿ ಹೊಗೆ ಎದ್ದು ಪಕ್ಕದ ಹೊಲಕ್ಕೆ ಹೋಯಿತು.

ಅಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಧೂಪದ ವಾಸನೆಗೆ ತಲೆಯೆತ್ತಿದರು. ಕೈ ಕೊಡವಿ, ಸೆರಗು ಹೊದ್ದು, ಬಂದು ಸಾಲಾಗಿ ಕೂತೇಬಿಟ್ಟರು. ನೋಡಿದರೆ ಮಾವನ ಕೈಗಳೂ ತಾವಾಗಿಯೇ ಮುಗಿದಿದ್ದವು. ಇಷ್ಟು ಮಂದಿಗೆ ಇಲ್ಲವೆನ್ನುವುದು ಹೇಗೆ? ಒಲೆಯ ಮೇಲೆ ಕುದಿದದ್ದು ಮೂವರ ಚಹಾ. ಗಿರಿಜೆ ಅದನ್ನು ಆರಿಸಿ, ಚಮಚ ಹಿಡಿದು ಒಬ್ಬೊಬ್ಬರ ಅಂಗೈಗೂ ಹಾಕುತ್ತ ಹೋದಳು. ಅದಕ್ಕೂ ರಾಳದ ಘಮ ಹತ್ತಿತ್ತು. ಹಿರಿಯಳೊಬ್ಬಳು ಹೀರಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು ಕೇಳಿದಳು: “ಚಾದ ತೀರ್ಥ ಕೊಡೋ ದೇವರು ಯಾವುದ್ರೀ ಇದು? ಚಲೋ ಐತಿ, ನಮ್ಮೂರಾಗೂ ಒಂದ ಇರ್ಲಿ.”

ಮನೆಗೆ ಬಂದ ಮೇಲೆ ಗಿರಿಜೆ ಒಲೆ ಕೈಗೆತ್ತಿಕೊಂಡಳು. ನನ್ನ ಜೀವ ಅಟ್ಟದ ಏಣಿಯ ಮೇಲಿತ್ತು. ಅವಳು ಹುಣಸೆಹಣ್ಣು ಹಚ್ಚಿ ಒಲೆಯನ್ನು ಫಳಫಳ ಬೆಳಗಿ, ದೇವರ ಜಗಲಿಯ ಮೇಲಿಟ್ಟಳು. “ಧೂಪಾ ಹಾಕಾಕ ಇದಕಿಂತ ಚಲೋದ ಬೇಕೇನ್ರಿ?” ಎಂದಳು.

ಗೆದ್ದೆನೆಂದು ಹಿಗ್ಗಿದೆ. ಈಗ ಬಯಲಲ್ಲಿ ಚಹಾ ಕುಡಿಯುವ ಮನಸ್ಸಾದರೆ, ನಾನು ಮೊದಲು ಸ್ನಾನ ಮಾಡಿ ಮಡಿಯುಟ್ಟು ಬರಬೇಕು.