ಯಾರ ಪೈಕಿ ಎಂದು ಕೇಳದ ಊರಿನಲ್ಲಿ

ಮಂಗಳೂರಿನಲ್ಲಿ ಕೆಲಸ ಕೇಳಲು ಹೋದ ಮೊದಲ ಆಫೀಸಿನಲ್ಲಿ ಅಪ್ಪನ ಹೆಸರು ಹೇಳಿದ್ದಕ್ಕೆ ಮೇಜಿನ ಆಚೆ ಕೂತಿದ್ದ ಮೂವರೂ ನಕ್ಕುಬಿಟ್ಟರು. "ನಿಮ್ಮ ಬಗ್ಗೆ ಹೇಳಿ" ಎಂದಿದ್ದರು. ನಾನೋ ಬಯಲುಸೀಮೆಯ ಇಂಡಿ ಊರಿನವಳು. ನಮ್ಮಲ್ಲಿ ಹಾಗೆ ಕೇಳಿದರೆ ಏನು ಹೇಳುತ್ತಾರೋ ಅದನ್ನೇ ಹೇಳಿದೆ: "ನಾ ಹಸೀನಾ ರೀ, ಬಳಿಗಾರ ಮೌಲಾಸಾಬ್ರ ಮಗಳು. ನಮ್ಮಪ್ಪ ಸುತ್ತ ಹಳ್ಳಿಗೆಲ್ಲಾ ಹೋಗಿ ಬಳಿ ತೊಡಸ್ತಾರ್ರಿ."

"ಅದಲ್ಲ ಮಾರಾಯ್ರೆ, ನಿಮ್ಮ ಬಗ್ಗೆ ಹೇಳಿ" ಎಂದರು ನಡುವೆ ಕೂತಿದ್ದವರು. ಅಪ್ಪನನ್ನು ಬಿಟ್ಟು ನನ್ನ ಬಗ್ಗೆ ಹೇಳಲು ಏನಿದೆ? ಕೆಲಸ ಸಿಗಲಿಲ್ಲ.

ಬಿ.ಕಾಂ. ಮುಗಿಸಿ, ಆಫೀಸಿನ ಕೆಲಸ ಹಿಡಿದೇ ತೀರುತ್ತೇನೆಂದು ಜಗಳವಾಡಿ ಬಂದವಳು ನಾನು. ಕೆಲಸವಿಲ್ಲದೆ ವಾಪಸಾದರೆ ಮದುವೆಯೇ ಸೈ ಎಂದು ಮನೆಯಲ್ಲಿ ಹೇಳಿಯಾಗಿತ್ತು. ಆಫೀಸಿನ ಕೆಲಸ ಸಿಗುವತನಕ ಹೊಟ್ಟೆ ಕೇಳಬೇಕಲ್ಲ! ಬಸ್ ನಿಲ್ದಾಣದ ಹತ್ತಿರ ಜೋಳದ ರೊಟ್ಟಿಯ ಖಾನಾವಳಿ ಕಂಡಿತು, ಒಳಗೆ ಹೋಗಿ ಕೆಲಸ ಇದೆಯಾ ಎಂದು ಕೇಳಿದೆ. ಅದನ್ನು ನಡೆಸುವ ಗಿರಿಜಕ್ಕ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಯಾರ ಪೈಕಿ?"

ಹೇಳಿದೆ.

"ಅಯ್ಯ ಶಿವನ! ನನ್ನ ತವರುಮನಿ ನಿಮ್ಮ ಇಂಡಿ ಬಾಜೂದ ಸಾಲೋಟಗಿ. ನನ್ನ ಮದವಿ ಬಳಿ ತೊಡಿಸಿದವ್ರು ನಿಮ್ಮಪ್ಪನ! ಕೈ ತೊಳ್ಕೊ, ಒಂದು ರೊಟ್ಟಿ ಬಡಿ ನೋಡೂಣು."

ರೊಟ್ಟಿ ನಡುವೆ ಹರಿಯಿತು. "ಇರ್ಲಿ ಬಿಡು, ಮೊದ್ಲ ಉಣ್ಣು" ಎಂದರು. ಅಷ್ಟೇ ಇಂಟರ್‌ವ್ಯೂ, ಮರುದಿನದಿಂದಲೇ ಅಲ್ಲಿ ಕೆಲಸ. ಮಾರ್ಕ್ಸ್‌ಕಾರ್ಡು ಚೀಲದಲ್ಲೇ ಉಳಿಯಿತು.

ಆದರೂ ಆಸೆ ಬಿಡಲಿಲ್ಲ. ಸಂಜೆ ಖಾನಾವಳಿಯಿಂದ ಬಾಡಿಗೆ ರೂಮಿಗೆ ಬಂದು, ಕನ್ನಡಿಯ ಮುಂದೆ ನಿಂತು ನನ್ನ ಬಗ್ಗೆ ಹೇಳುವುದನ್ನು ಕಲಿತೆ. ಅಲ್ಲಿ ಮಾತಾಡಲು ಬೇರೆ ಯಾರಿದ್ದರು? ಮನೆ ಓನರಮ್ಮ ತುಳುವಿನಲ್ಲಿ "ಒಣಸ್ ಆಂಡಾ?" ಎನ್ನುತ್ತಿದ್ದರು. ಊಟವಾಯಿತಾ ಅಂತ. ಉತ್ತರಕ್ಕೆ ನಿಲ್ಲದೆ ಒಳಗೆ ಹೋಗಿಬಿಡುತ್ತಿದ್ದರು. ಅಷ್ಟು ಮಾತಿಗೂ ಎಷ್ಟೋ ದಿನ ನನಗೆ ಅಳು ಬರುತ್ತಿತ್ತು.

ಟೈಪ್ ಮಾಡುವಾಗ ಸದ್ದಾಗುತ್ತದೆ, ಆಫೀಸಿನವರಿಗೆ ಹಿಡಿಸುವುದಿಲ್ಲ ಎಂದು ಪಕ್ಕದ ರೂಮಿನ ಹುಡುಗಿ ಹೇಳಿದ್ದರಿಂದ ಗಾಜಿನ ಬಳೆಗಳನ್ನೂ ತೆಗೆದಿಟ್ಟೆ. ಎರಡನೇ ಆಫೀಸಿನಲ್ಲಿ "ಬಿ.ಕಾಂ. ಆಗಿದೆ, ಟೈಪಿಂಗ್ ಬರುತ್ತದೆ, ಜವಾಬ್ದಾರಿಯಿಂದ ದುಡಿಯುತ್ತೇನೆ" ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಊರಿನ ಹೆಸರು ಕೂಡ ಎತ್ತಲಿಲ್ಲ. ಕೆಲಸ ಸಿಕ್ಕಿತು! ಗಿರಿಜಕ್ಕ ಬೆನ್ನು ತಟ್ಟಿ ಕಳಿಸಿದರು.

ಫೋನಿನಲ್ಲಿ ಅಪ್ಪ, "ನಾ ಯಾರಂತ ಕೇಳಿದ್ರೇನವಾ?" ಎಂದರು.

"ಹೂಂ ಅಪ್ಪಾ, ಕೇಳಿದ್ರು" ಎಂದು ಸುಳ್ಳು ಹೇಳಿದೆ.

ರಂಜಾನ್ ಹಬ್ಬಕ್ಕೆ ಊರಿಗೆ ಹೊರಟಾಗ, ಇಂಡಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿ ಕೇಳಿದಳು, "ಯಾರ ಪೈಕಿಯವ್ವಾ ನೀ?"

ಗಿರಿಜಕ್ಕನ ನಂತರ ಯಾರೂ ಕೇಳದ ಈ ಒಂದು ಪ್ರಶ್ನೆಗಾಗಿ ಮಂಗಳೂರಿನಲ್ಲಿ ಎಷ್ಟು ಹಂಬಲಿಸಿದ್ದೆ! ಬಾಯಿಂದ ಬಂದದ್ದು ಮಾತ್ರ, "ಬಿ.ಕಾಂ. ಆಗಿದೆ, ಆಫೀಸಿನಲ್ಲಿ ಕೆಲಸ."

"ಅದಲ್ಲವ್ವಾ, ನಿಮ್ಮಪ್ಪ ಯಾರು?"

ಹೇಳಿದೆ. ಮುದುಕಿಯ ಮುಖ ಅರಳಿತು. ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದಳು.

"ಬಳಿಗಾರ ಮೌಲಾಸಾಬ್ರ ಮಗಳಾಗಿ ಕೈ ಯಾಕ ಖಾಲಿ ಐತಿ?"