ದಾವಲಮಲಿಕನ ಜೀಪಿಗೆ ಹೊಸ ಸೆಲ್ಫ್

ನಾಲತವಾಡದಿಂದ ಮುದ್ದೇಬಿಹಾಳಕ್ಕೆ ದಾವಲಮಲಿಕ ಓಡಿಸುವ ಜೀಪು ಆರು ವರ್ಷದಿಂದ ಮಂದಿ ಇಳಿದು ನೂಕಿದರೇನೇ ಹೊರಡುತ್ತಿತ್ತು. ಸಾಕಾಗಿ, ಗ್ಯಾರೇಜಿಗೆ ಬಿಟ್ಟು, ಕೀಲಿ ತಿರುವಿದರೆ ಸಾಕು ಇಂಜಿನ್ ಹೊತ್ತಿಸುವ ಹೊಸ ಸೆಲ್ಫ್ ಹಾಕಿಸಿಕೊಂಡು ಬಂದ.

“ಇನ್ನ ಯಾರೂ ಇಳಿಯೂದು ಬ್ಯಾಡ್ರಿ, ಸಾವಕಾರರಂಗ ಕುಂದರ್ರಿ!” ಎಂದು ಎಲ್ಲರನ್ನೂ ಹತ್ತಿಸಿಕೊಂಡು, ಎದೆಯುಬ್ಬಿಸಿ ಕೀಲಿ ತಿರುವಿದ. ಟಕ್ ಎಂದು ಸುಮ್ಮನಾಯಿತು. ಮತ್ತೆ ತಿರುವಿದ. ಮತ್ತೆ ಟಕ್. ಈಗ ಇಳಿಯಿರಿ ಅನ್ನಲು ಯಾವ ಬಾಯಿ? ತಲೆ ತಗ್ಗಿಸಿ ಸ್ಟೇರಿಂಗ್ ನೋಡುತ್ತ ಕೂತ.

ಸಂತೆಗೆ ಮೆಂತ್ಯಸೊಪ್ಪು ಒಯ್ಯುತ್ತಿದ್ದ ಲಕ್ಕವ್ವನ ದನಿ ಹಿಂದಿನಿಂದ ಬಂತು: “ಗೇರ್ ಹಾಕಪಾ ದಾವಲಣ್ಣಾ, ಸೊಪ್ಪು ಬಾಡಾಕತ್ತೈತಿ!”

ತಿರುಗಿ ನೋಡಿದರೆ ಸೀಟೆಲ್ಲ ಖಾಲಿ. ಮೊದಲ ಟಕ್ಕಿಗೇ ಎಲ್ಲರೂ ಇಳಿದು, ರೂಢಿಯಂತೆ ನೂಕಲು ಜೀಪಿನ ಹಿಂದೆ ಕೈಹಚ್ಚಿ ನಿಂತಿದ್ದರು.

ಗೇರ್ ಹಾಕಿದ, ಎಲ್ಲರೂ ನೂಕಿದರು, ಜೀಪು ಗುರ್ರೆಂದಿತು. ನಗುತ್ತ ಓಡೋಡಿ ಹತ್ತಿದರು. ಮುದ್ದೇಬಿಹಾಳ ಮುಟ್ಟಿ ಸೊಪ್ಪೆಲ್ಲ ಇಳಿದರೂ ದಾವಲಮಲಿಕ ಇಂಜಿನ್ ಮಾತ್ರ ಬಂದ್ ಮಾಡಲಿಲ್ಲ.